ಕಿಟಕಿ ಅಕ್ಕನ ಮನೆಯ ಟೋಪಿ ಜಗಳ

ಆಸ್ತಿಗಾಗಿ ಜಗಳವಾಡಿದರೆ ಅದಕ್ಕೊಂದು ಅರ್ಥವಿದೆ. ಉಪ್ಪು ಹೆಚ್ಚಾಯಿತು, ನಲ್ಲಿ ಸರಿಯಾಗಿ ನಿಲ್ಲಿಸಲಿಲ್ಲ ಎಂದು ಆಡಿದರೂ ಅರ್ಥವಿದೆ. ಕಿಟಕಿ ಅಕ್ಕನ ಮನೆಯಲ್ಲಿ ಮೂವತ್ತೊಂದು ವರ್ಷದಿಂದ ನಡೆಯುತ್ತಿದ್ದ ಜಗಳ ಮಾತ್ರ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಹಾಲಿವುಡ್ಡಿನಲ್ಲಿ ಎಂದೋ ಬದುಕಿ ಎಂದೋ ಸತ್ತ ಒಬ್ಬ ಮಹಾನುಭಾವ, ತನ್ನ ಸಿನಿಮಾಗಳನ್ನು ತಾನೇ ಬರೆದು ತಾನೇ ನಿರ್ದೇಶಿಸಿದವನು, ದೊಡ್ಡ ಬರಹಗಾರನೋ ದೊಡ್ಡ ನಿರ್ದೇಶಕನೋ ಎಂಬುದು ಜಗಳದ ವಿಷಯ. ಅವನ ಹೆಸರು ಇಬ್ಬರ ನಾಲಿಗೆಗೂ ಸರಿಯಾಗಿ ಹೊರಳುತ್ತಿರಲಿಲ್ಲ. ಪೋಸ್ಟರಿನ ಮೂಲೆಯಲ್ಲಿದ್ದ ಫೋಟೋದಲ್ಲಿ ಅಗಲವಾದ ಟೋಪಿ ಹಾಕಿಕೊಂಡಿದ್ದನಾದ್ದರಿಂದ ಮನೆಯಲ್ಲಿ ಅವನು ಟೋಪಿಯವನು. ತಾನು ಕಾಣದ ಒಂದು ಸಂಸಾರಕ್ಕೆ ಅಷ್ಟು ದೂರದಿಂದ ಟೋಪಿ ಹಾಕಿದವನು ಅವನೊಬ್ಬನೇ ಎಂದು ಅಕ್ಕ ಹೇಳುತ್ತಿದ್ದಳು.

ನಿರ್ದೇಶಕ ಎನ್ನುವ ಪಕ್ಷ ಅವಳ ಗಂಡನದು. ಅವನು ಟಾಕೀಸಿನಲ್ಲಿ ಆಪರೇಟರ್ ಆಗಿದ್ದ, ಮೇಲಿನ ಕೋಣೆಯಲ್ಲಿ ಯಂತ್ರಕ್ಕೆ ರೀಲು ಹಾಕಿ ಸಿನಿಮಾ ಬಿಡುವವನು. ಬರಹಗಾರ ಎನ್ನುವ ಪಕ್ಷ ಅವಳ ತಮ್ಮನದು. ಅವನು ಸಿನಿಮಾ ಹಂಚುವವರ ಆಫೀಸಿನಲ್ಲಿ ಟೈಪಿಸ್ಟ್. ಹೊರದೇಶದ ಸಿನಿಮಾ ಬಂದರೆ ಅದರ ಜೊತೆ ಬರುತ್ತಿದ್ದ ಮಾತುಗಳ ಪಟ್ಟಿಯನ್ನು ಊರಿನ ಭಾಷೆಗೆ ತಿರುಗಿಸಿ, ಪರವಾನಗಿ ಕೊಡುವ ಕಚೇರಿಗೆ ಮೂರು ಪ್ರತಿ ಟೈಪ್ ಮಾಡುವುದು ಅವನ ಕೆಲಸ. ಹೀಗೆ ಒಬ್ಬನಿಗೆ ಮಾತೇ ಎಲ್ಲ, ಇನ್ನೊಬ್ಬನಿಗೆ ಚಿತ್ರವೇ ಎಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಇಬ್ಬರೂ, ಊಟದ ಮೇಜು ಮಾತ್ರ ಒಂದೇ.

ಇನ್ನು ಅಕ್ಕ. ಇಪ್ಪತ್ತೆಂಟು ವರ್ಷ ಅವಳು ಅದೇ ಟಾಕೀಸಿನಲ್ಲಿ ಟಿಕೆಟ್ ಕೊಟ್ಟವಳು. ಟಿಕೆಟ್ ಕೋಣೆ ಎಂದರೆ ಎರಡು ಹೆಜ್ಜೆ ಉದ್ದ, ಒಂದೂವರೆ ಹೆಜ್ಜೆ ಅಗಲ. ಒಂದು ಸ್ಟೂಲು, ಒಂದು ಡ್ರಾಯರು, ತಿರುಗುವುದಕ್ಕಿಂತ ನರಳುವುದೇ ಹೆಚ್ಚಾದ ಒಂದು ಫ್ಯಾನು. ಯಾವುದೋ ನೂಕುನುಗ್ಗಲಿನಲ್ಲಿ ಕಿಟಕಿಯ ಗಾಜು ಒಡೆದ ಮೇಲೆ ಮಾಲೀಕ ಅಲ್ಲಿಗೆ ತಗಡು ಹೊಡೆಸಿ, ಒಂದು ಕೈ ಹೋಗುವಷ್ಟು ಕಂಡಿ ಬಿಟ್ಟಿದ್ದ. ಎಡಗೈ ಹೆಬ್ಬೆರಳಿನಿಂದ ಟಿಕೆಟ್ ಒತ್ತಿ ಹಿಡಿದು, ಬಲಗೈಯಲ್ಲಿ ಮುದ್ರೆ ಹೊಡೆದು, ಎಡಗೈಯಿಂದಲೇ ಕಂಡಿಯ ಹೊರಗೆ ಚಾಚುವುದು ಅವಳ ಕ್ರಮ. ಬಲಗೈ ಅಷ್ಟರಲ್ಲಿ ಮುಂದಿನ ಟಿಕೆಟ್ಟಿಗೆ ಸಿದ್ಧವಾಗಿರುತ್ತಿತ್ತು. ಹಾಗಾಗಿ ಊರಿಗೆ ಅವಳ ಮುಖ ಗೊತ್ತಿರಲಿಲ್ಲ, ಎಡಗೈ ಗೊತ್ತಿತ್ತು. ಆ ಹೆಬ್ಬೆರಳಿನ ಉಗುರಿನ ಸುತ್ತ ನೇರಳೆ ಶಾಯಿ ಕೂತುಬಿಟ್ಟಿತ್ತು, ಎಷ್ಟು ಉಜ್ಜಿದರೂ ಹೋಗದು. ತರಕಾರಿ ಅಂಗಡಿಯಲ್ಲಿ ಅವಳು ಚೀಲ ಮುಂದೆ ಹಿಡಿದಾಗ ಜನ ಕೈ ನೋಡಿ, ಓ ಕಿಟಕಿ ಅಕ್ಕ ಅಲ್ವಾ ಎನ್ನುತ್ತಿದ್ದರು. ಆಮೇಲಷ್ಟೇ ತಲೆಯೆತ್ತಿ ಮುಖ ನೋಡುತ್ತಿದ್ದರು.

ಜಗಳಕ್ಕೆ ಬೀಜ ಬಿದ್ದದ್ದು ಟೋಪಿಯವನ ಒಂದು ಚಿತ್ರ ಬಂದಾಗ. ಹನ್ನೊಂದು ವಾರ ಓಡಿತು. ಗಡಿಯಾರ ರಿಪೇರಿ ಮಾಡುವವನೊಬ್ಬ, ತನ್ನನ್ನು ಬಿಟ್ಟುಹೋದ ಹೆಂಡತಿಯನ್ನು ಒಂದೇ ಒಂದು ಪ್ರಶ್ನೆ ಕೇಳಬೇಕೆಂದು ಅವಳ ಊರಿಗೆ ಬಂದು, ಮೂರು ದಿನ ಇದ್ದು, ಕೇಳದೇ ರೈಲು ಹತ್ತಿ ವಾಪಸು ಹೋಗುವ ಕಥೆ. ಅದರಲ್ಲಿ ಹೆಂಡತಿ ಮೆಟ್ಟಿಲಿಳಿದು ಬರುತ್ತಾ ಕೆಳಗಿನಿಂದ ಮೂರನೇ ಮೆಟ್ಟಿಲಿನಲ್ಲಿ ತಟ್ಟನೆ ನಿಲ್ಲುತ್ತಾಳಂತೆ. ಅದೊಂದು ನಿಲ್ಲುವಿಕೆಗೆ ಟೋಪಿಯವನ ಕಾಲಿಗೆ ಬೀಳಬೇಕು ಎಂದು ಗಂಡ. ಮೆಟ್ಟಿಲೂ ಇಲ್ಲ ಮಣ್ಣೂ ಇಲ್ಲ, ‘ನೀವು ಕೇಳಲಿಲ್ಲ, ಅದಕ್ಕೇ ನಾನು ಹೇಳಲಿಲ್ಲ’ ಎಂದು ಹೆಂಡತಿ ಒಂದು ಮಾತು ಹೇಳುತ್ತಾಳಲ್ಲ, ಆ ಮಾತು ಬರೆದ ಕೈಗೆ ಬಂಗಾರದ ಕಡಗ ತೊಡಿಸಬೇಕು ಎಂದು ತಮ್ಮ. ಪ್ರತಿ ಭಾನುವಾರ ತಮ್ಮ ಊಟಕ್ಕೆ ಬರುವುದು, ಎರಡನೇ ತುತ್ತಿಗೆ ಟೋಪಿಯವನು ಬಂದು ಕೂರುವುದು, ಕೈ ತೊಳೆಯುವ ಹೊತ್ತಿಗೆ ಇಬ್ಬರ ಮುಖವೂ ಊದಿಕೊಂಡಿರುವುದು. ಅಕ್ಕ ನಡುವೆ ಸೌಟು ಹಿಡಿದು ನಿಂತಿರುತ್ತಿದ್ದಳು. ಇಬ್ಬರೂ ತಟ್ಟೆಯನ್ನು ನೋಡದೇ ಮುಂದಕ್ಕೆ ತಳ್ಳುತ್ತಿದ್ದರು, ಅವಳು ಬಡಿಸುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯಾದರೂ, ನಿನಗೇನನ್ನಿಸುತ್ತೆ ಎಂದು ಅವಳನ್ನು ಒಬ್ಬರೂ ಕೇಳಿರಲಿಲ್ಲ. ಟಿಕೆಟ್ ಕೊಡುವವಳಿಗೆ ಸಿನಿಮಾದ ಬಗ್ಗೆ ಏನು ಗೊತ್ತು ಎಂದು ಬಾಯಿಬಿಟ್ಟು ಹೇಳಿದ್ದರೆ ಅವಳು ಬೈದು ಸುಮ್ಮನಾಗುತ್ತಿದ್ದಳೋ ಏನೋ. ಹಾಗೆ ಹೇಳಬೇಕೆಂದೂ ಅವರಿಗೆ ಹೊಳೆದಿರಲಿಲ್ಲ, ಅದೇ ಅವಳಿಗೆ ಉರಿಯುತ್ತಿದ್ದದ್ದು.

ಟಾಕೀಸು ಮುಚ್ಚಿ ಪೀಠೋಪಕರಣದ ಮಳಿಗೆಯಾಯಿತು. ಮೂವರೂ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಜಗಳ ಮಾತ್ರ ನಿವೃತ್ತಿಯಾಗಲಿಲ್ಲ. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಅದು ಅತಿರೇಕಕ್ಕೆ ಹೋಯಿತು. ಟೈಪ್ ಕುಟ್ಟೋನಿಗೂ ಬರೆಯೋನಿಗೂ ವ್ಯತ್ಯಾಸ ಗೊತ್ತಿರಬೇಕು ಎಂದ ಗಂಡ. ನೀವು ಸಿನಿಮಾ ತೋರಿಸಿದವರಲ್ಲ ಭಾವ, ರೀಲು ಸುತ್ತಿದವರು ಎಂದ ತಮ್ಮ. ಅರ್ಧ ಊಟದಲ್ಲಿ ಎದ್ದು, ಎಂಜಲು ಕೈಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೋದವನು ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ತಮ್ಮ ಒಂಟಿ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಎರಡು ರಸ್ತೆ ಆಚೆ, ಮೂರನೇ ಮಹಡಿಯಲ್ಲಿ ಒಂದು ಕೋಣೆ. ಒಲೆ ಹಚ್ಚಿದರೆ ಹಚ್ಚಿದ, ಇಲ್ಲದಿದ್ದರೆ ಬ್ರೆಡ್ಡು. ಭಾನುವಾರದ ಆ ಒಂದು ಊಟವೇ ವಾರದಲ್ಲಿ ಅವನು ಹೊಟ್ಟೆ ತುಂಬ ಉಣ್ಣುತ್ತಿದ್ದದ್ದು. ಅಕ್ಕ ಎಂಟು ತಿಂಗಳಿಂದ ಪ್ರತಿ ಭಾನುವಾರ ಡಬ್ಬಿ ಕಟ್ಟಿಕೊಂಡು, ಮಂಡಿ ನೋವಿನಲ್ಲಿ ಐವತ್ತೆರಡು ಮೆಟ್ಟಿಲು ಹತ್ತಿ ಕೊಟ್ಟುಬರುತ್ತಿದ್ದಳು. ಹೋದ ತಿಂಗಳು ನೋಡುತ್ತಾಳೆ, ಅವನ ಬೆಲ್ಟಿಗೆ ಮೊಳೆಯಲ್ಲಿ ಹೊಡೆದುಕೊಂಡ ಹೊಸ ತೂತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೈದಳು. ಮನೆಗೆ ಬಂದು ಗಂಡನಿಗೂ ಬೈದಳು. ಅವನೇ ಬರಲಿ, ಬಾಗಿಲೇನು ಮುಚ್ಚಿದೀನಾ ಎಂದ ಗಂಡ. ಅವರೇ ಕರೀಲಿ ಎಂದ ತಮ್ಮ. ತಮ್ಮ ಮೊದಲಿನ ಹಾಗೆ ಬಂದು ಈ ಮೇಜಿಗೆ ಕೂತು ಉಣ್ಣಬೇಕು, ಇಷ್ಟೇ ಅವಳ ಆಸೆ. ಅದಕ್ಕೆ ಅಡ್ಡವಾಗಿ ಒಬ್ಬ ಸತ್ತ ಮನುಷ್ಯನ ಟೋಪಿ.

ಹೀಗಿರುವಾಗ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಅವಳಿಗೆ ಅದೇ ಟೋಪಿ ಕಾಣಿಸಿತು. ಮೇಲಿನ ಮಹಡಿಯಲ್ಲಿ ಹಳೆಯ ಚಿತ್ರಗಳನ್ನು ತೋರಿಸುತ್ತಾರೆ, ಈ ಭಾನುವಾರ ಬೆಳಿಗ್ಗೆ ಗಡಿಯಾರದವನ ಚಿತ್ರ, ಬುಧವಾರ ಮಧ್ಯಾಹ್ನ ಮತ್ತೊಮ್ಮೆ, ಕೆಳಗೆ ನಮ್ಮ ಭಾಷೆಯ ಸಾಲುಗಳೂ ಬರುತ್ತವೆ ಎಂದು ಲೈಬ್ರರಿಯಮ್ಮ ಹೇಳಿದಳು. ಇಬ್ಬರನ್ನೂ ಕೂರಿಸಿ ತೋರಿಸಿ, ಅಲ್ಲಿಂದ ನೇರ ಊಟಕ್ಕೆ ಎಳೆದುಕೊಂಡು ಹೋಗುವುದೆಂದು ಅಕ್ಕ ಅಲ್ಲೇ ತೀರ್ಮಾನಿಸಿದಳು. ಗಂಡನಿಗೆ ಹೇಳಿದಳು: ನನ್ನ ತಮ್ಮ ಬರಲ್ಲವಂತೆ, ನಿಮ್ಮ ಮುಂದೆ ಆ ಚಿತ್ರ ನೋಡೋಕೆ ಹೆದರಿಕೆಯಂತೆ. ಗಂಡ ತಕ್ಷಣ ಇಸ್ತ್ರಿ ಷರ್ಟು ಕೇಳಿದ.

ತಮ್ಮನಿಗೂ ಅದೇ ಮದ್ದು ಅರೆದಳು. ಅವನು ಮಾತ್ರ ಕುದಿಯಲಿಲ್ಲ. ಮೊದಲು ತಲೆನೋವು ಎಂದ. ಆಮೇಲೆ ಕತ್ತಲೆಯಲ್ಲಿ ಕೂತರೆ ತಲೆಸುತ್ತು ಎಂದ. ಮೂವತ್ತೊಂದು ವರ್ಷ ಬಾಯಿ ಬಡ್ಕೊಂಡಿದ್ದು ಇದೇ ಚಿತ್ರಕ್ಕಲ್ವಾ, ಈಗೇನು ನಾಟಕ ಎಂದು ಅವಳು ಸೊಂಟಕ್ಕೆ ಕೈಯಿಟ್ಟಾಗ ಅವನು ಕಿಟಕಿಯ ಕಡೆ ತಿರುಗಿ ನಿಂತ.

“ಅಕ್ಕಾ, ನಾನು ಆ ಚಿತ್ರ ನೋಡಿಲ್ಲ.”

ಅಕ್ಕ ಮಂಚದ ಮೇಲೆ ಕೂತುಬಿಟ್ಟಳು. ಚಿಕ್ಕಂದಿನಿಂದಲೂ ಕತ್ತಲೆ ಕೋಣೆ ಎಂದರೆ ಅವನಿಗೆ ಎದೆ ಹೊಡೆದುಕೊಳ್ಳುತ್ತದಂತೆ. ಸಿನಿಮಾ ಆಫೀಸಿನ ನೌಕರ ಟಾಕೀಸಿನೊಳಗೆ ಕೂರಲಾರ ಎಂದು ಗೊತ್ತಾದರೆ ನಗುತ್ತಾರೆಂದು ಮುಚ್ಚಿಟ್ಟಿದ್ದನಂತೆ. ಅವನ ಕೈಗೆ ಬಂದದ್ದು ಮಾತಿನ ಪಟ್ಟಿ, ಅದನ್ನೇ ಓದಿದ್ದ, ಅದನ್ನೇ ಪೂಜಿಸಿದ್ದ. ಅವಳಿಗೆ ಅಯ್ಯೋ ಅನ್ನಿಸುವ ಮೊದಲು ಮೈಯೆಲ್ಲ ಉರಿಯಿತು. ಆಗ ಇನ್ನೊಂದೂ ಹೊಳೆಯಿತು. ಗಂಡನೂ ಆ ಚಿತ್ರ ಕೇಳಿಲ್ಲ! ಆಪರೇಟರ್ ಕೋಣೆಯಲ್ಲಿ ಚಿತ್ರದ ಮಾತು ಕೇಳಲೆಂದು ಒಂದು ಪುಟ್ಟ ಸ್ಪೀಕರ್ ಇತ್ತು. ಅದನ್ನು ಅವನು ಯಾವಾಗಲೂ ಬಂದ್ ಮಾಡಿಡುತ್ತಿದ್ದ. ಯಂತ್ರದ ಸದ್ದು ಒಂದು ಚೂರು ಬದಲಾದರೂ ರೀಲು ಹರಿಯುತ್ತದೆ, ಕಿವಿ ಯಂತ್ರದ ಮೇಲೇ ಇರಬೇಕು, ಇದು ಅವನ ಶಿಸ್ತು. ಅವನ ಕೈಯಲ್ಲಿ ಒಂದು ರೀಲೂ ಹರಿಯದ್ದಕ್ಕೆ ಮಾಲೀಕ ಹಾಡಿ ಹೊಗಳುತ್ತಿದ್ದ. ಇದೆಲ್ಲ ಅಕ್ಕನಿಗೆ ಮೊದಲೇ ಗೊತ್ತಿತ್ತು. ಗೊತ್ತಿರುವುದು ಬೇರೆ, ಹೊಳೆಯುವುದು ಬೇರೆ. ಒಬ್ಬ ಕೇಳದೇ ನೋಡಿದವನು, ಇನ್ನೊಬ್ಬ ನೋಡದೇ ಓದಿದವನು, ಆನೆ ಮುಟ್ಟಿದ ಕುರುಡರಾದರೂ ಇವರಿಗಿಂತ ವಾಸಿ.

ಪೂರ್ತಿ ನೋಡಿದವಳು ಅವಳೊಬ್ಬಳೇ. ಆಟ ಶುರುವಾಗಿ ಕಾಲು ಗಂಟೆಗೆ ಕಿಟಕಿ ಮುಚ್ಚಿ, ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಹಿಂದುಗಡೆ ಗೋಡೆಗೊರಗಿ ಕೂರುತ್ತಿದ್ದಳು. ಆ ಮೊದಲ ಕಾಲು ಗಂಟೆಯಲ್ಲಿ ಏನಿದೆಯೆಂದು ನೋಡಲು ರಜೆಯ ದಿನ ತಾನೇ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡು ಹೋಗಿದ್ದಳು. ತಮ್ಮ ಕೊಟ್ಟ ಕಾರ್ಬನ್ ಪ್ರತಿಯನ್ನೂ ಓದಿಕೊಂಡಿದ್ದಳು. ಇದು ಅವರಿಬ್ಬರಿಗೂ ಗೊತ್ತಿಲ್ಲ. ಕೇಳಿದ್ದರಲ್ಲವೇ ಗೊತ್ತಾಗುವುದು.

“ನಾಳೆ ಹತ್ತು ಗಂಟೆಗೆ ರೆಡಿಯಾಗಿರು,” ಎಂದಳು. “ಎದೆ ಹೊಡ್ಕೊಂಡ್ರೆ ನನ್ನ ಕೈ ಹಿಡ್ಕೋ. ಬರಲಿಲ್ಲ ಅಂದ್ರೆ ನಿನ್ನ ಗುಟ್ಟನ್ನ ಭಾವನಿಗೆ ಹೇಳ್ತೀನಿ.”

ಬಂದ. ಲೈಬ್ರರಿಯ ಮೇಲಿನ ಮಹಡಿಯಲ್ಲಿ ಮಡಚುವ ಕುರ್ಚಿಗಳು, ಕಿಟಕಿಗೆ ಕಪ್ಪು ಬಟ್ಟೆ, ಜನ ಹದಿನಾಲ್ಕು. ಅಕ್ಕ ಗೋಡೆಯ ಹಾಗೆ ಇಬ್ಬರ ನಡುವೆ ಕೂತಳು. ದೀಪ ಆರಿದ್ದೇ ತಮ್ಮ ಅವಳ ಎಡಗೈ ಹಿಡಿದುಕೊಂಡ, ಬೆವರಿದ ಕೈ. ಗಂಡ ಮೊದಲ ಹತ್ತು ನಿಮಿಷ ಹಿಂದಕ್ಕೆ ತಿರುಗಿ ತಿರುಗಿ ಯಂತ್ರ ನೋಡುತ್ತಿದ್ದ. ಅದು ಸದ್ದೇ ಮಾಡುತ್ತಿಲ್ಲವೆಂದು ಅವನಿಗೆ ಇರುಸುಮುರುಸು. ಆಮೇಲೆ ಮೆಟ್ಟಿಲು ಬಂತು. ಹೆಂಡತಿ ಇಳಿದಳು, ಮೂರನೇ ಮೆಟ್ಟಿಲಿನಲ್ಲಿ ನಿಂತಳು, ನಿಂತಲ್ಲೇ ಬಾಯಿ ತೆರೆದು ಹೇಳಿದಳು: ನೀವು ಕೇಳಲಿಲ್ಲ, ಅದಕ್ಕೇ ನಾನು ಹೇಳಲಿಲ್ಲ. ಎಡಗಡೆಯವನು ಉಸಿರು ಬಿಗಿಹಿಡಿದ. ಬಲಗಡೆಯವನು ಮುಂದಕ್ಕೆ ಬಾಗಿದ. ಮೂವತ್ತೊಂದು ವರ್ಷ ಇಬ್ಬರೂ ಬಡಿದಾಡಿದ್ದು ಒಂದೇ ಗಳಿಗೆಯ ಮೇಲೆ ಎಂದು ಇಬ್ಬರಿಗೂ ಆಗ ತಿಳಿಯಿತು. ಸದ್ಯ, ಮುಗಿಯಿತು ಪೀಡೆ ಎಂದು ಅಕ್ಕ ಮನಸ್ಸಿನಲ್ಲೇ ಕೈ ಮುಗಿದಳು.

ಅಲ್ಲಿಂದ ಮೂವರೂ ನೇರ ಮನೆಗೆ ಬಂದರು. ತಮ್ಮ ಹೊಸ್ತಿಲು ದಾಟಿದ, ತನ್ನ ಹಳೆಯ ಕುರ್ಚಿಯಲ್ಲೇ ಕೂತ. ಅಕ್ಕನ ಕಣ್ಣು ತುಂಬಿಬಂತು. ಬೆಳಿಗ್ಗೆ ಐದಕ್ಕೇ ಎದ್ದು ಮಾಡಿಟ್ಟ ಅಡುಗೆಯನ್ನು ಬಿಸಿ ಮಾಡಿ ತಂದಳು. ಮೊದಲ ತುತ್ತು ಇಳಿಯಿತು. ಎರಡನೆಯದಕ್ಕೆ ಗಂಡ ಗಂಟಲು ಸರಿಮಾಡಿಕೊಂಡ.

ಒಪ್ಪಿದೆ, ಎಂದ. ಮೆಟ್ಟಿಲ ಮೇಲೆ ಯಾರು ಬೇಕಾದರೂ ನಿಲ್ಲಬಹುದು, ಆದರೆ ಆ ಮಾತು ಬರೆಯೋಕೆ ಗುಂಡಿಗೆ ಬೇಕು, ಟೋಪಿಯವನು ಬರಹಗಾರನೇ. ತಮ್ಮ ಅಷ್ಟಕ್ಕೆ ನಕ್ಕು ಸುಮ್ಮನಾಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ತಮ್ಮ ತುತ್ತು ಕೆಳಗಿಟ್ಟ. ಇಲ್ಲ ಭಾವ, ತಪ್ಪು ನನ್ನದು, ಎಂದ. ಆ ಮಾತನ್ನು ಅವಳು ಕೆಳಗಿಳಿದು ಬಂದು ಹೇಳಿದ್ದರೆ ಮೂರು ಕಾಸಿಗೂ ಬೇಡ, ಮೂರನೇ ಮೆಟ್ಟಿಲಲ್ಲಿ ನಿಲ್ಲಿಸಿದನಲ್ಲ, ಅಲ್ಲಿದೆ ಕೈಚಳಕ, ಅವನು ನಿರ್ದೇಶಕನೇ. ಗಂಡ ಹುಬ್ಬು ಗಂಟಿಕ್ಕಿದ. ಇಷ್ಟು ವರ್ಷ ಮಾತು ಮಾತು ಅಂತ ನನ್ನ ತಲೆ ತಿಂದು ಈಗ ಪ್ಲೇಟು ತಿರುಗಿಸ್ತೀಯಾ ಎಂದ. ತಿರುಗಿಸಿದ್ದು ಯಾರು ಮೊದಲು ಎಂದ ತಮ್ಮ. ಅಕ್ಕ ಸೌಟು ಹಿಡಿದು ನಿಂತಳು. ಸೋತವರು ಗೆದ್ದವರ ಬಾವುಟ ಹಿಡಿದುಕೊಂಡು ಮತ್ತೆ ಅದೇ ಯುದ್ಧಕ್ಕೆ ಹೊರಟಿದ್ದರು. ತಟ್ಟೆಗಳು ಮುಂದಕ್ಕೆ ಬಂದವು, ಅವಳು ಅಭ್ಯಾಸಬಲದಿಂದ ಬಡಿಸಿದಳು. ಇಬ್ಬರೂ ನೋಡಲಿಲ್ಲ. ಕಣ್ಣಿದ್ದೂ ನಿನಗೆ ಕಾಣಲ್ಲ ಎಂದೋ ಕಿವಿಯಿದ್ದೂ ನಿಮಗೆ ಕೇಳಲ್ಲ ಎಂದೋ ಒಬ್ಬರಿಗೊಬ್ಬರು ಹೇಳಿದರು. ತಮ್ಮನ ಕುರ್ಚಿ ನೆಲಕ್ಕೆ ಉಜ್ಜಿ ಹಿಂದಕ್ಕೆ ಸರಿಯಿತು. ಎಂಟು ತಿಂಗಳ ಹಿಂದೆಯೂ ಅದು ಹೀಗೇ ಸರಿದಿತ್ತು.

“ಅವನು ಬರಹಗಾರನೂ ಅಲ್ಲ, ನಿರ್ದೇಶಕನೂ ಅಲ್ಲ,” ಎಂದಳು ಅಕ್ಕ.

ದನಿ ಏರಿರಲಿಲ್ಲ. ಇಬ್ಬರೂ ತಿರುಗಿ ನೋಡಿದರು, ಮನೆಯ ಗೋಡೆ ಮಾತಾಡಿದಂತೆ.

“ಕೊನೇಲಿ ಗಡಿಯಾರದವನು ರೈಲಿಗೆ ಟಿಕೆಟ್ ತಗೋತಾನಲ್ಲ. ಆ ಕಿಟಕಿಯಿಂದ ಒಂದು ಕೈ ಬಂದು ಟಿಕೆಟ್ ಕೊಡುತ್ತೆ. ಹೆಂಗಸಿನ ಕೈ. ಅವನು ಊರು ಬಿಟ್ಟು ಹೋಗ್ತಿದಾನೆ ಅಂತ ಗೊತ್ತಾದವಳು ಇಡೀ ಸಿನಿಮಾದಲ್ಲಿ ಅವಳೊಬ್ಬಳೇ. ಟಿಕೆಟ್ ಕೊಟ್ಟ ಮೇಲೂ ಆ ಕೈ ಒಳಗೆ ಹೋಗಲ್ಲ, ಸ್ವಲ್ಪ ಹೊತ್ತು ಅಲ್ಲೇ ಇರುತ್ತೆ. ಅವಳಿಗೆ ಒಂದು ಮಾತು ಬರೆಯೋಕೂ ನಿಮ್ಮ ಟೋಪಿಯವನಿಗೆ ಆಗಲಿಲ್ಲ, ಮುಖ ತೋರಿಸೋಕೂ ಆಗಲಿಲ್ಲ. ಆಮೇಲೆ ಏನು ದೊಡ್ಡವನು?”

ಗಂಡ ನೆನಪಿಸಿಕೊಂಡ. ತಮ್ಮ ನೆನಪಿಸಿಕೊಂಡ. ಸ್ಟೇಷನ್ ಇತ್ತು, ಹೊಗೆ ಇತ್ತು, ಗಡಿಯಾರದವನ ಬೆನ್ನಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಂಥ ಕೈ ಏನೂ ಇಲ್ಲ, ಇವಳೇ,” ಎಂದ ಗಂಡ.

“ಇಲ್ಲ ಅಕ್ಕ,” ಎಂದ ತಮ್ಮ. “ಭಾವ ಹೇಳೋದು ಸರಿ.”

ಮೂವತ್ತೊಂದು ವರ್ಷದಲ್ಲಿ ಅವರು ಒಪ್ಪಿದ ಮೊದಲ ಮಾತು ಇದು. ಎರಡು ಗಂಟೆಯ ಹಿಂದಷ್ಟೇ ನೋಡಿ ಬಂದವರು. ಅಕ್ಕನಿಗೆ ಅಳು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಎಷ್ಟು ಬಂತೆಂದರೆ ತಲೆ ತಣ್ಣಗಾಯಿತು. ಸೌಟನ್ನು ಪಾತ್ರೆಯೊಳಗೆ ಇಟ್ಟು, ಪಾತ್ರೆಯನ್ನು ಮೇಜಿನ ನಡುವೆ ಇಟ್ಟಳು.

“ಆ ಕೈ ಇಲ್ಲ ಅಂದ್ರಲ್ಲ, ಈ ಕೈನೂ ಇಲ್ಲ ಅಂದ್ಕೊಳ್ಳಿ,” ಎಂದಳು. “ನೀವೇ ಬಡಿಸ್ಕೊಳ್ಳಿ.”

ಕುರ್ಚಿ ಎಳೆದು ಕೂತು, ತಾನೂ ಒಂದು ತಟ್ಟೆ ಹಾಕಿಕೊಂಡು ಉಣ್ಣತೊಡಗಿದಳು. ತಮ್ಮ ಅರ್ಧ ಎದ್ದವನು ಹಾಗೇ ಕೂತ. ಗಂಡನಿಗೆ ಉಪ್ಪು ಬೇಕಿತ್ತು. ತಾನು ಮೂವತ್ತು ವರ್ಷಕ್ಕೂ ಮೇಲೆ ಉಂಡ ಮನೆಯಲ್ಲಿ ಉಪ್ಪು ಎಲ್ಲಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ, ಸಪ್ಪೆಯಾಗಿಯೇ ಉಂಡ. ತಮ್ಮ ಹೋಗುವಾಗ ತಾನುಂಡ ತಟ್ಟೆ ತೊಳೆದಿಟ್ಟು ಹೋದ.

ಆ ವಾರವಿಡೀ ಅಕ್ಕ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಬುಧವಾರ ಮಧ್ಯಾಹ್ನ ಗಂಡ ಬ್ಯಾಂಕಿಗೆ ಹೋಗಿಬರುತ್ತೇನೆ ಎಂದು ಇಸ್ತ್ರಿ ಷರ್ಟು ಹಾಕಿಕೊಂಡು ಹೋದ. ಅಂದು ಬ್ಯಾಂಕಿಗೆ ರಜೆಯಿತ್ತು. ಅವಳು ಏನೂ ಕೇಳಲಿಲ್ಲ.

ಭಾನುವಾರ ಅವಳು ಡಬ್ಬಿ ತೊಳೆದು ಕಟ್ಟೆಯ ಮೇಲೆ ಇಟ್ಟಿದ್ದಳು, ಇನ್ನೂ ತುಂಬಿರಲಿಲ್ಲ. ಬಾಗಿಲು ತಟ್ಟಿದ ಸದ್ದಾಯಿತು. ತಮ್ಮ ನಿಂತಿದ್ದ, ಮೆಟ್ಟಿಲೂ ಹತ್ತದೇ ಏದುಸಿರು ಬಿಡುತ್ತಿದ್ದ.

“ಎಡಗೈ, ಅಕ್ಕ,” ಎಂದ. “ಎಡಗೈ ಅದು. ಬುಧವಾರ ಒಬ್ಬನೇ ಹೋಗಿದ್ದೆ. ಒಬ್ಬನೇ ಕೂತಿದ್ದೆ ಕತ್ತಲೇಲಿ.”

“ಒಬ್ಬನೇ ಏನಲ್ಲ,” ಎಂದು ಒಳಗಿನಿಂದ ಗಂಡನ ದನಿ ಬಂತು. “ಆ ಕಡೆ ಮೂಲೇಲಿ ನಾನಿದ್ದೆ. ನಾಲ್ಕು ಸೆಕೆಂಡು, ಎಣಿಸಿದೀನಿ. ಹೆಬ್ಬೆರಳಿಗೆ ಮಸಿ ಇದೆ.”

ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವನ ಕೈಯಲ್ಲಿ ಮೂರು ತಟ್ಟೆಯಿತ್ತು, ಒಂದರ ಮೇಲೆ ಉಪ್ಪಿನ ಡಬ್ಬಿ. ಎಲ್ಲಿಂದ ಹುಡುಕಿದನೋ. ಅವನು ಅವಳ ಮುಖ ನೋಡಲಿಲ್ಲ, ಅವಳ ಎಡಗೈ ನೋಡುತ್ತಿದ್ದ. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಉಗುರಿನ ಬುಡದಲ್ಲಿ ನೇರಳೆ ಗೆರೆ ಹಾಗೇ ಇತ್ತು. ತಮ್ಮನೂ ಅದನ್ನೇ ನೋಡುತ್ತಿದ್ದ. ಇಬ್ಬರಿಗೂ ನಾಚಿಕೆಯಾಗಿತ್ತು, ಅದನ್ನು ಮುಚ್ಚಿಕೊಳ್ಳಲು ಇಬ್ಬರಿಗೂ ಬರುತ್ತಿರಲಿಲ್ಲ. ಅವಳಿಗೆ ಇನ್ನೂ ಪೂರ್ತಿ ಸಿಟ್ಟು ಇಳಿದಿರಲಿಲ್ಲ.

ತಮ್ಮನೇ ಬಾಯಿಬಿಟ್ಟ. ಆ ಕೈಗೆ ಮಾತಿಲ್ಲ, ಹಾಗಾಗಿ ಪಟ್ಟಿಯಲ್ಲಿ ಇಲ್ಲ. ಅದು ನಿರ್ದೇಶಕನ ಕೆಲಸ ಅಂತ ನಾನು. ಮಾತಿಲ್ಲದ ಹಾಗೆ ಯೋಚನೆ ಮಾಡಿದ್ದೇ ಬರವಣಿಗೆ ಅಂತ ಭಾವ. ಬುಧವಾರ ದೀಪ ಹತ್ತಿದ ಮೇಲೆ ಒಬ್ಬರಿಗೊಬ್ಬರು ಸಿಕ್ಕಿದ್ವಿ, ವಾಪಸು ಬರೋ ದಾರಿಯುದ್ದಕ್ಕೂ ಇದೇ ಆಯ್ತು, ಬಗೆಹರಿಯಲಿಲ್ಲ ಎಂದ.

“ನೀನೇ ಹೇಳಬೇಕು,” ಎಂದ ಗಂಡ. “ನಿನಗೇನನ್ನಿಸುತ್ತೆ?”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಖಾಲಿ ಡಬ್ಬಿಯನ್ನು ಎತ್ತಿ ಮೇಲಿನ ಕಪಾಟಿನಲ್ಲಿ, ತನ್ನ ಕೈಗೆ ಸುಲಭವಾಗಿ ಎಟುಕದಷ್ಟು ಒಳಗೆ ತಳ್ಳಿದಳು. ಆಮೇಲೆ ಬಂದು ಮೇಜಿನ ಮುಂದೆ, ಇಬ್ಬರಿಗಿಂತ ಮೊದಲು ಕೂತಳು.

“ಮೊದಲು ಬಡಿಸಿ,” ಎಂದಳು. “ಊಟ ಆದ್ಮೇಲೆ ಹೇಳ್ತೀನಿ.”